ಬ್ರೇಕ್ ಕಿರುಚಿದರೆ: ಮಳೆನಾಡಿನ ಕಾರಿಗೆ ಎಂಟು ಪಾಠ

ತೀರ್ಥಹಳ್ಳಿಯ ಕಾರುಗಳಿಗೆ ಎರಡು ಪರೀಕ್ಷೆ. ಒಂದು ಮಳೆ: ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಇನ್ನೊಂದು ಘಾಟಿ: ಮಣಿಪಾಲದ ಆಸ್ಪತ್ರೆಗೆ ಹೊರಟವರು ಆಗುಂಬೆಯ 14 ಹೇರ್‌ಪಿನ್ ತಿರುವು ಇಳಿಯಬೇಕು, ಹೊಸನಗರದವರು ಹುಲಿಕಲ್ ಇಳಿಯಬೇಕು. ಇಂಥ ಊರಿನಲ್ಲಿ ಬ್ರೇಕಿನ ಶಬ್ದವನ್ನು ಅಸಡ್ಡೆ ಮಾಡುವಂತಿಲ್ಲ. ಹಾಗೆಂದು ಪ್ರತಿ ಶಬ್ದಕ್ಕೂ ದುಡ್ಡು ಸುರಿಯಬೇಕಾಗಿಯೂ ಇಲ್ಲ. ಮನೆಯಂಗಳದಲ್ಲಿ ನಮ್ಮ ಕಾರು, ನೆರೆಹೊರೆಯವರ ಕಾರು ಬಿಚ್ಚಿ ನೋಡುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಬಿಚ್ಚುವ ಮೊದಲು ಕಿವಿಗೊಡಿ.
ಶಬ್ದ ಬೆಳಿಗ್ಗೆ ಮಾತ್ರವೋ, ದಿನವಿಡೀಯೋ? ಬ್ರೇಕ್ ಒತ್ತಿದಾಗಲೋ, ಒತ್ತದಿದ್ದಾಗಲೂ ಇದೆಯೋ? ಯಾವ ಚಕ್ರ? ಕಿಟಕಿ ಇಳಿಸಿ, ರಸ್ತೆ ಬದಿಯ ದರೆಗೆ ಹತ್ತಿರವಾಗಿ ನಿಧಾನ ಓಡಿಸಿದರೆ ಶಬ್ದ ದರೆಗೆ ಬಡಿದು ವಾಪಸು ಬರುತ್ತದೆ. ಎಡಗಡೆಯದೋ ಬಲಗಡೆಯದೋ ಗೊತ್ತಾಗುತ್ತದೆ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

2. ಮಳೆಗಾಲದ ಬೆಳಗಿನ ಶಬ್ದಕ್ಕೆ ಹೆದರಬೇಡಿ.
ಡಿಸ್ಕ್ ಬೀಡುಕಬ್ಬಿಣದ್ದು. ಒಂದೇ ರಾತ್ರಿಯ ಥಂಡಿಗೆ ಅದರ ಮೇಲೆ ಕೆಂಪು ತುಕ್ಕು ಏಳುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಅದು ಸವೆದುಹೋಗಿ ಶಬ್ದ ನಿಂತರೆ ಏನೂ ಮಾಡಬೇಕಿಲ್ಲ. ಪುನರ್ವಸು, ಪುಷ್ಯ ಮಳೆಯಲ್ಲಿ ಕಾರು ದಿನಗಟ್ಟಲೆ ನಿಲ್ಲುವುದಾದರೆ ಸಮತಟ್ಟು ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಹಿಂದಿನ ಡ್ರಮ್‌ಗೆ ಲೈನರ್ ಕಚ್ಚಿಕೊಳ್ಳುತ್ತದೆ.

3. ಬಿಡದೆ ಬರುವ ಸಣ್ಣ ಕಿರುಚಾಟ ಎಚ್ಚರಿಕೆ.
ಬಹಳಷ್ಟು ಪ್ಯಾಡ್‌ಗಳಲ್ಲಿ ಸಣ್ಣ ತಗಡಿನ ಪಟ್ಟಿ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೂಗಲೆಂದೇ ಇಟ್ಟದ್ದು. ಹೊಸ ಪ್ಯಾಡಿನ ಲೈನಿಂಗ್ ಸುಮಾರು 10 ಮಿ.ಮೀ. ದಪ್ಪ, 3 ಮಿ.ಮೀ.ಗೆ ಇಳಿದರೆ ಬದಲಿಸಿ. ಹೊರಗಿನ ಪ್ಯಾಡ್ ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಒಳಗಿನದು ಹೆಚ್ಚು ಸವೆದಿರಬಹುದು. ಕಿರುಚುವುದು ಹೋಗಿ ಕಬ್ಬಿಣ ಕೊರೆದಂತೆ 'ಗರಗರ' ಬಂದರೆ ಕಾರು ಅಲ್ಲೇ ನಿಲ್ಲಲಿ.

4. ಕಾರು ಎತ್ತುವಾಗ ಅವಸರ ಬೇಡ.
ಮಳೆಗೆ ನೆನೆದ ಅಂಗಳದಲ್ಲಿ ಜಾಕಿ ಹೂತುಹೋಗುತ್ತದೆ. ಗಟ್ಟಿ ನೆಲದಲ್ಲಿ ಮಾತ್ರ ಎತ್ತಿ. ಚಕ್ರದ ನಟ್‌ಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿ. ಜಂಬಿಟ್ಟಿಗೆ ಕಲ್ಲು ಚಕ್ರಕ್ಕೆ ತಡೆಯಾಗಿ ಇರಲಿ, ಕಾರಿನ ಅಡಿಗೆ ಆಧಾರವಾಗಿ ಎಂದೂ ಬೇಡ, ಭಾರಕ್ಕೆ ಒಡೆಯುತ್ತದೆ. ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಬಿಚ್ಚಿದ ಚಕ್ರವನ್ನೂ ಕಾರಿನ ಕೆಳಗೇ ಮಲಗಿಸಿ.

5. ಪ್ಯಾಡ್ ದಪ್ಪವಿದ್ದೂ ಶಬ್ದ ಬಂದರೆ ಮಣ್ಣು ಹುಡುಕಿ.
ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟುವಂತೆ, ಪ್ಯಾಡ್ ಡಿಸ್ಕನ್ನು ಹಿಡಿದು ಜಾರಿ, ಹಿಡಿದು ಜಾರಿ ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ. ನಾವು ಕೇಳುವುದು ಆ ನಡುಕವನ್ನೇ. ತೋಟದ ರಸ್ತೆಯ ಕೆಂಪು ಮಣ್ಣು ಪ್ಯಾಡ್ ಕೂರುವ ಜಾಗದಲ್ಲಿ ಗಟ್ಟಿಯಾದರೆ, ಕ್ಯಾಲಿಪರ್ ಪಿನ್ ತುಕ್ಕು ಹಿಡಿದರೆ ಪ್ಯಾಡ್ ಸಲೀಸಾಗಿ ಸರಿಯದೆ ಶಬ್ದ ಶುರುವಾಗುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಪಿನ್ನಿಗೂ ಪ್ಯಾಡಿನ ಹಿಂಬದಿಯ ತಗಡಿಗೂ ಬ್ರೇಕಿಗೆಂದೇ ಬರುವ ಗ್ರೀಸ್ ತೆಳ್ಳಗೆ ಸವರಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

6. ಲೈನಿಂಗಿಗೆ ಎಣ್ಣೆ ತಾಗಬಾರದು.
ಶಬ್ದ ನಿಲ್ಲಲೆಂದು ಡಿಸ್ಕಿಗೆ ಎಣ್ಣೆ ಬಿಡುವವರಿದ್ದಾರೆ. ಶಬ್ದದ ಜೊತೆ ಬ್ರೇಕೂ ಹೋಗುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಎಸೆಯಿರಿ. ಗಾಜಿನಂತೆ ಹೊಳೆಯುವ ಪ್ಯಾಡಾದರೆ ಎಮರಿ ಪೇಪರಿನಲ್ಲಿ ಹಗುರಾಗಿ ಉಜ್ಜಿದರೆ ಸಾಕು. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ಕೆಡುಕು. ಒದ್ದೆ ಬಟ್ಟೆಯಲ್ಲಿ ಒರೆಸಿ.

7. ಪ್ಯಾಡ್ ಬದಲಿಸುವುದಾದರೆ ಎಡ, ಬಲ ಎರಡಕ್ಕೂ.
ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಪೈಪಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿ. ಪಿಸ್ಟನ್ ಒಳಗೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ಲದಂತೆ ನೋಡಿಕೊಳ್ಳಿ. ಪೇಂಟಿಗೆ ಬಿದ್ದರೆ ತಕ್ಷಣ ನೀರು ಸುರಿಯಿರಿ. ಮರುಜೋಡಿಸಿದ ಮೇಲೆ, ಕಾರು ಅಲುಗಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಇಲ್ಲದಿದ್ದರೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹಂತಹಂತವಾಗಿ ಇಳಿಸಿ, ನಡುವೆ ಆರಲು ಬಿಟ್ಟು, ಕೆಲವು ಸಲ ಮಾಡಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವುದು ಹೀಗೆ. ಅದಕ್ಕೂ ಮೊದಲು ಘಾಟಿ ಬೇಡ.

8. ಬ್ರೇಕ್ ಆಯಿಲನ್ನು ಮರೆಯಬೇಡಿ.
ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ನೀರು ಹೀರಿದ ಮೇಲೆ ಅದರ ಕನಿಷ್ಠ ಮಿತಿ 155. ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಕೂರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಳಿಜಾರಿನಲ್ಲಿ ಎರಡನೇ ಗೇರ್ ಇರಲಿ. ನ್ಯೂಟ್ರಲ್ ಬೇಡ, ಎಂಜಿನ್ ಆರಿಸುವುದಂತೂ ಬೇಡವೇ ಬೇಡ.

ಪೆಡಲ್ ಮೆತ್ತಗಾದರೆ, ಕಾರು ಒಂದು ಬದಿಗೆ ಎಳೆದರೆ, ಆಯಿಲ್ ಮಟ್ಟ ಇಳಿಯುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಅದು ಅಂಗಳದ ಕೆಲಸವಲ್ಲ, ಮೆಕ್ಯಾನಿಕ್‌ಗೆ ಒಪ್ಪಿಸಿ. ಉಳಿದದ್ದನ್ನು ನೀವೇ ನೋಡಿಕೊಳ್ಳಬಹುದು. ಆದರೆ ಘಾಟಿ ಇಳಿಯುವ ದಿನ ಬೆಳಿಗ್ಗೆ ಅಲ್ಲ, ರಿಪೇರಿಗೆ ಸಮಯ ಸಿಗುವಂತೆ ನಾಲ್ಕು ದಿನ ಮೊದಲೇ ನೋಡಿ.