ನೀರೆತ್ತುವ ಮೋಟಾರುಗಳ ವಿದ್ಯುತ್ ಪರೀಕ್ಷೆ

ಬೇಸಗೆಯಲ್ಲಿ ಪೈರಿಗೆ ನೀರು ಅತ್ಯವಶ್ಯವಾಗಿರುವ ಕಾಲದಲ್ಲಿಯೇ ಕೊಳವೆ ಬಾವಿಯ ಮೋಟಾರು ಸುಟ್ಟುಹೋಗುವುದು ಗ್ರಾಮಗಳಲ್ಲಿ ಸಾಮಾನ್ಯ ಸಂಗತಿಯಾಗಿದೆ. ಜಮೀನುದಾರನು ಅದನ್ನು ಮೇಲಕ್ಕೆತ್ತಿಸಿ, ಪೇಟೆಗೆ ಕಳುಹಿಸಿ, ಹೊಸದಾಗಿ ತಂತಿ ಸುತ್ತಿಸಿ ತರುವಷ್ಟರಲ್ಲಿ ಎಂಟು ಹತ್ತು ದಿವಸಗಳು ಕಳೆದು ಪೈರು ಬಾಡಿರುತ್ತದೆ. ಅನೇಕ ವೇಳೆ ಅದೇ ಮೋಟಾರು ಅದೇ ಋತುವಿನಲ್ಲಿ ಪುನಃ ಸುಡುವುದೂ ಉಂಟು. ಸುಟ್ಟದ್ದನ್ನು ಸರಿಪಡಿಸಿದರೇ ಹೊರತು ಸುಟ್ಟ ಕಾರಣವನ್ನು ಯಾರೂ ಪರೀಕ್ಷಿಸಲಿಲ್ಲವಾದುದೇ ಇದಕ್ಕೆ ಹೇತು. ಪರೀಕ್ಷೆಯನ್ನು ಮಾಡತಕ್ಕವನು ಅನುಮತಿ ಪತ್ರವುಳ್ಳ ಕೆಲಸಗಾರನೇ ಸರಿ. ಆದರೆ ಅವನು ಏನನ್ನು, ಏತಕ್ಕಾಗಿ ಅಳೆಯುತ್ತಾನೆಂಬುದನ್ನು ಮಾಲೀಕನು ತಿಳಿದಿದ್ದರೆ ಮೋಸಹೋಗುವ ಸಂಭವವು ಕಡಮೆ.

ಕೆರೆಯ ನೀರಿನ ಮಟ್ಟವು ಎತ್ತರವಾಗಿದ್ದಷ್ಟೂ ತೂಬಿನಲ್ಲಿ ನೀರು ರಭಸವಾಗಿ ಹರಿಯುವುದು. ಕಾಲುವೆಯು ಇಕ್ಕಟ್ಟಾಗಿದ್ದಷ್ಟೂ ಹರಿವು ತಗ್ಗುವುದು. ವಿದ್ಯುತ್ತಿನಲ್ಲಿ ಆ ಎತ್ತರಕ್ಕೆ ವೋಲ್ಟು, ಹರಿವಿಗೆ ಆಂಪಿಯರು, ಇಕ್ಕಟ್ಟಿನಿಂದಾಗುವ ತಡೆಗೆ ಓಮ್ ಎಂಬ ಅಳತೆಗಳಿವೆ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರು ದೊರೆಯುವುದೆಂಬ ನಿಯಮವನ್ನು ಜರ್ಮನಿಯ ಗೇಯಾರ್ಗ್ ಓಮ್ ಎಂಬ ವಿದ್ವಾಂಸನು 1827ರಲ್ಲಿ ಪ್ರಕಟಿಸಿದನು. ಮುಂದಿನ ಲೆಕ್ಕಗಳಿಗೆಲ್ಲ ಇದೇ ಮೂಲ.

ಪ್ರವಾಹದಲ್ಲಿ ಎರಡು ಬಗೆಗಳುಂಟು. ಬ್ಯಾಟರಿಯಿಂದಲೂ ಸೌರ ಫಲಕದಿಂದಲೂ ಹೊರಡುವುದು ಒಂದೇ ದಿಕ್ಕಿಗೆ ಹರಿಯುವ ಏಕಮುಖ ಪ್ರವಾಹ. ಕಂಬದ ತಂತಿಗಳಲ್ಲಿ ಬರುವುದು ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ 50 ಆವರ್ತಗಳನ್ನು ಮುಗಿಸಿ 100 ಸಲ ದಿಕ್ಕನ್ನು ಬದಲಾಯಿಸುತ್ತದೆ. ಪರ್ಯಾಯ ಪ್ರವಾಹದ ವೋಲ್ಟನ್ನು ಟ್ರಾನ್ಸ್‌ಫಾರ್ಮರಿನಿಂದ ಸುಲಭವಾಗಿ ಏರಿಸಿ ಇಳಿಸಬಹುದಾದ್ದರಿಂದ ದೂರಕ್ಕೆ ಸಾಗಿಸಲು ಅದು ಅನುಕೂಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒಯ್ಯಲು ಸಾಧ್ಯವಾದುದು ಈ ಗುಣದಿಂದಲೇ.

ತಂತಿಯ ಸುರುಳಿಯು ಈ ಎರಡು ಪ್ರವಾಹಗಳಿಗೆ ಒಂದೇ ರೀತಿಯಾಗಿ ವರ್ತಿಸುವುದಿಲ್ಲ. ಮೋಟಾರಿನ ಒಂದು ಸುರುಳಿಯ ತಡೆಯು 4 ಓಮ್ ಎಂದು ಭಾವಿಸಿದರೆ, ಅದಕ್ಕೆ 230 ವೋಲ್ಟಿನ ಏಕಮುಖ ಪ್ರವಾಹವನ್ನು ಕೊಟ್ಟಾಗ 57 ಆಂಪಿಯರು ನುಗ್ಗಿ ಸುರುಳಿಯು ಬೇಗನೆ ಸುಟ್ಟುಹೋಗುವುದು. ಪರ್ಯಾಯ ಪ್ರವಾಹವಾದರೆ, ಅದು ಬದಲಾದಂತೆಲ್ಲ ಸುರುಳಿಯ ಕಾಂತಶಕ್ತಿಯು ಅದನ್ನು ಎದುರಿಸುತ್ತದೆ. ಮೋಟಾರು ತಿರುಗುತ್ತಿರುವಾಗ ಈ ಎದುರಾಟವು ಬಲವಾಗಿದ್ದು ಹರಿವು ಮಿತಿಯಲ್ಲಿರುವುದು. ಮರಳು ಸಿಕ್ಕಿ ಪಂಪು ನಿಂತುಹೋದರೆ ಎದುರಾಟವು ತಗ್ಗಿ, ಎಂದಿನ ಐದಾರು ಪಟ್ಟು ಆಂಪಿಯರು ಹರಿಯುವುದು.

ಆದಕಾರಣ ನಿಂತ ಮೋಟಾರಿನ ಪರೀಕ್ಷೆಯನ್ನು ಏಕಮುಖ ಪ್ರವಾಹದಿಂದಲೂ, ಓಡುವ ಮೋಟಾರಿನ ಪರೀಕ್ಷೆಯನ್ನು ಪರ್ಯಾಯ ಪ್ರವಾಹದಲ್ಲಿಯೂ ಮಾಡತಕ್ಕದ್ದು. ಮೊದಲು ಸರಬರಾಜನ್ನು ಪೂರ್ಣವಾಗಿ ಕಳಚಿ, ಮೂರು ಸುರುಳಿಗಳ ತಡೆಯನ್ನು ಬೇರೆ ಬೇರೆಯಾಗಿ ಅಳೆಯಬೇಕು. ಮೂರೂ ಬಹುಮಟ್ಟಿಗೆ ಸಮನಾಗಿರಬೇಕು. ಒಂದು ಕಡಮೆಯಿದ್ದರೆ ಅದರಲ್ಲಿ ಕೆಲವು ಸುತ್ತುಗಳು ಒಂದಕ್ಕೊಂದು ತಗುಲಿವೆ. ಅಳತೆಯೇ ಸಿಗದಿದ್ದರೆ ತಂತಿ ಹರಿದಿದೆ. ಅನಂತರ ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟಿನ ಏಕಮುಖ ಒತ್ತಡವನ್ನು ಕೊಟ್ಟು, ಸುರುಳಿಗೂ ಮೋಟಾರಿನ ಕವಚಕ್ಕೂ ನಡುವಣ ಹೊದಿಕೆಯ ತಡೆಯನ್ನು ನೋಡಬೇಕು. ಇಲ್ಲಿ ಪರ್ಯಾಯ ಪ್ರವಾಹವನ್ನು ಬಳಸಿದರೆ, ಹೊದಿಕೆಯು ಕೆಡದೆ ಇದ್ದರೂ ಸ್ವಲ್ಪ ಹರಿವು ಕಾಣಿಸಿ ಅಳತೆಯು ತಪ್ಪುವುದು. ಮೆಗ್ಗರಿನಲ್ಲಿ ಒಂದು ಮೆಗಾ ಓಮ್, ಅಂದರೆ ಹತ್ತು ಲಕ್ಷ ಓಮಿಗಿಂತ ಕಡಮೆ ಬಂದ ಮೋಟಾರನ್ನು ಓಡಿಸಬಾರದು. ವರ್ಷಕ್ಕೆರಡು ಬಾರಿ ಅಳೆದು ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಬರೆದಿಡುವುದು ಮೇಲು; 50 ಇದ್ದದ್ದು 10ಕ್ಕೂ, 10 ಇದ್ದದ್ದು 2ಕ್ಕೂ ಇಳಿದಿದ್ದರೆ ಕೇಬಲ್ಲಿನ ಸಂದಿನಲ್ಲಿ ನೀರು ಸೇರುತ್ತಿದೆಯೆಂದು ಮುಂಚೆಯೇ ತಿಳಿಯುವುದು.

ಓಡುವಾಗ ಮೂರು ತಂತಿಗಳ ಆಂಪಿಯರನ್ನೂ ಟಾಂಗ್ ಟೆಸ್ಟರಿನಿಂದ ಅಳೆಯಬೇಕು. 415 ವೋಲ್ಟಿನಲ್ಲಿ 5 ಅಶ್ವಶಕ್ತಿಯ ಮೋಟಾರು ಸುಮಾರು ಏಳೂವರೆ ಆಂಪಿಯರನ್ನು ಸೆಳೆಯುವುದು. ನಿಶ್ಚಿತವಾದ ಅಂಕಿಯು ಮೋಟಾರಿನ ಫಲಕದ ಮೇಲಿರುತ್ತದೆ. ಒಂದು ಫೇಸಿನ ಫ್ಯೂಸು ಹೋದರೆ ಓಡುತ್ತಿರುವ ಮೋಟಾರು ಕೂಡಲೆ ನಿಲ್ಲದು. ಉಳಿದೆರಡು ತಂತಿಗಳಲ್ಲಿ ಸುಮಾರು 1.7 ಪಟ್ಟು ಆಂಪಿಯರನ್ನು ಸೆಳೆದು ಓಡುತ್ತ ಸುಡುತ್ತದೆ. ಇದನ್ನು ತಡೆಯುವ ಓವರ್‌ಲೋಡ್ ರಿಲೆಯು ಪದೇಪದೇ ಬೀಳುವುದೆಂದು ಬೇಸತ್ತು ಅದನ್ನು ಕಟ್ಟಿಹಾಕುವವರೂ, ಫ್ಯೂಸಿಗೆ ಮೂರು ನಾಲ್ಕು ಎಳೆ ತಾಮ್ರದ ತಂತಿಯನ್ನು ಸುತ್ತುವವರೂ ಇದ್ದಾರೆ. ಕಾವಲುಗಾರನ ಕೈಕಾಲು ಕಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆಯೇ ಇದು.

ಮೋಟಾರು ಸುಟ್ಟರೆ ಹಣ ಹೋದೀತು. ಭೂಸಂಪರ್ಕವು ಕೆಟ್ಟರೆ ಮನುಷ್ಯನೇ ಹೋಗುವನು. ಪಂಪಿನ ಮನೆಯ ಪಕ್ಕದಲ್ಲಿ ಒಂದು ಸಲಾಕಿಯನ್ನು ನೆಟ್ಟು ತಂತಿ ಕಟ್ಟಿಬಿಟ್ಟರೆ ಸಾಕೆಂದು ಬಹುಮಂದಿ ನಂಬಿರುವರು. ಆ ದಾರಿಯ ಒಟ್ಟು ತಡೆಯು, ಬೇಸಗೆಯ ಒಣನೆಲದಲ್ಲಿ, 40 ಓಮ್ ಎಂದಿರಲಿ. ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಗೆ ಒಂದು ಫೇಸು ತಗುಲಿದರೆ, 240 ವೋಲ್ಟನ್ನು 40ರಿಂದ ಭಾಗಿಸಲಾಗಿ ಹರಿಯುವುದು 6 ಆಂಪಿಯರು ಮಾತ್ರ. ಫ್ಯೂಸು 15 ಆಂಪಿಯರಿನದಾದರೆ ಅದು ಕರಗುವುದೇ ಇಲ್ಲ. ಪೆಟ್ಟಿಗೆಯು ಜೀವಂತವಾಗಿಯೇ ಉಳಿಯುತ್ತದೆ. ಯಾವ ಗುರುತೂ ಹೊರಗೆ ತೋರದು. ನೀರು ಕಟ್ಟಿ ಬಂದವನು ಒದ್ದೆಯಾದ ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟಿದರೆ, ಒದ್ದೆ ಮೈಯ ತಡೆಯು ಸುಮಾರು 1000 ಓಮ್ ಆದಲ್ಲಿ, ಅವನ ದೇಹದಲ್ಲಿ ಆಂಪಿಯರಿನ ಹತ್ತನೆಯ ಒಂದು ಭಾಗಕ್ಕೂ ಮಿಕ್ಕಿ ಹರಿಯಬಹುದು. ಗುಂಡಿಗೆಯು ನಿಲ್ಲಲು ಅಷ್ಟೇ ಸಾಕು. ಆದ್ದರಿಂದ ಸಲಾಕಿಯ ತಡೆಯನ್ನು ಮಳೆಗಾಲದಲ್ಲಲ್ಲದೆ ನಡುಬೇಸಗೆಯಲ್ಲಿ ಅಳೆಯಿಸಬೇಕು. ಗುಂಡಿಯಲ್ಲಿ ಇದ್ದಲು ಮತ್ತು ಉಪ್ಪನ್ನು ತುಂಬಿ ಆಗಾಗ್ಗೆ ನೀರೆರೆಯಬೇಕು. ಇಷ್ಟಾದರೂ ಫ್ಯೂಸನ್ನೇ ನಂಬಿಕೊಳ್ಳುವುದು ವಿವೇಕವಲ್ಲ. ಸೋರಿಕೆಯು ಆಂಪಿಯರಿನ ಸಾವಿರ ಭಾಗಗಳಲ್ಲಿ ಮೂವತ್ತು ಭಾಗವಾದಾಗಲೇ, ಅಂದರೆ 30 ಮಿಲಿ ಆಂಪಿಯರಿಗೇ, ಕಡಿದುಹಾಕುವ ಆರ್‌ಸಿಸಿಬಿ ಎಂಬ ಸಾಧನವನ್ನು ಹಾಕಿಸುವುದು ಉತ್ತಮ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಮನೆಯ ಹುಡುಗನೂ ಮಾಡಬಲ್ಲ ಕೆಲಸ.

ಕಂಬದಿಂದ ಪಂಪಿನವರೆಗಿನ ತಂತಿಯ ವಿಷಯದಲ್ಲಿ ಒಂದು ಲೆಕ್ಕವನ್ನು ನೋಡುವುದು ಒಳ್ಳೆಯದು. 4 ಚದರ ಮಿಲಿಮೀಟರಿನ ಅಲ್ಯುಮಿನಿಯಂ ತಂತಿಯನ್ನು 300 ಮೀಟರು ಎಳೆದರೆ ಪ್ರತಿ ಎಳೆಯ ತಡೆಯು ಸುಮಾರು 2.1 ಓಮ್. ಏಳೂವರೆ ಆಂಪಿಯರು ಹರಿಯುವಾಗ ಮೂರು ಎಳೆಗಳೂ ಸೇರಿ ಸುಮಾರು 350 ವಾಟು, ಎಂದರೆ ಹತ್ತಿರ ಹತ್ತಿರ ಅರ್ಧ ಅಶ್ವಶಕ್ತಿಯು, ತಂತಿಯನ್ನು ಬಿಸಿಮಾಡುವುದರಲ್ಲಿಯೇ ವ್ಯರ್ಥವಾಗುವುದು. ಮೋಟಾರಿಗೆ ಮುಟ್ಟುವ ವೋಲ್ಟೂ 20ಕ್ಕಿಂತ ಹೆಚ್ಚು ಕುಗ್ಗುವುದು. 10 ಚದರ ಮಿಲಿಮೀಟರಿನ ತಂತಿಯಾದರೆ ಅದೇ ನಷ್ಟವು ಸುಮಾರು 140 ವಾಟಿಗೆ ಇಳಿಯುವುದು.

ಈಚೆಗೆ ಹೊಲಗಳಲ್ಲಿ ಕಾಣಬರುವ ಸೌರ ಪಂಪುಗಳ ಬಗ್ಗೆ ಬೇರೆಯ ಎಚ್ಚರಿಕೆ ಬೇಕು. 40 ವೋಲ್ಟಿನ 8 ಫಲಕಗಳನ್ನು ಸಾಲಾಗಿ ಜೋಡಿಸಿದರೆ 320 ವೋಲ್ಟಿನ ಏಕಮುಖ ಒತ್ತಡವಾಗುವುದು, ಮತ್ತು ಬಿಸಿಲಿರುವವರೆಗೆ ಅದನ್ನು ನಿಲ್ಲಿಸಲು ಫ್ಯೂಸು ಕೀಳುವುದರಿಂದಲೂ ಆಗದು. ಪರ್ಯಾಯ ಪ್ರವಾಹವು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚನ್ನು ತೆರೆದಾಗ ಏಳುವ ಕಿಡಿಯು ಬೇಗ ಆರುತ್ತದೆ. ಏಕಮುಖ ಪ್ರವಾಹದ ಕಿಡಿಗೆ ಅಂತಹ ವಿರಾಮವಿಲ್ಲ, ಅದು ಎಳೆದಷ್ಟೂ ಉರಿಯುತ್ತದೆ. ಮನೆಯಲ್ಲಿ ಉಳಿದಿದ್ದ ಸಾಮಾನ್ಯ ಸ್ವಿಚ್ಚನ್ನು ಫಲಕದ ತಂತಿಗೆ ಹಾಕಿದಲ್ಲಿ ಅದು ಹೊತ್ತಿಕೊಳ್ಳುವ ಸಂಭವವಿದೆ. ಏಕಮುಖ ಪ್ರವಾಹಕ್ಕೆಂದೇ ಮುದ್ರೆಯುಳ್ಳ ಸ್ವಿಚ್ಚನ್ನೇ ಕೇಳಿ ತರಬೇಕು. ಫಲಕದ ತಂತಿಗಳನ್ನು ಬಿಚ್ಚುವ ಕೆಲಸವಿದ್ದರೆ ಮೊದಲು ಪಂಪನ್ನು ನಿಲ್ಲಿಸಿ, ಆ ಸ್ವಿಚ್ಚನ್ನು ತೆರೆದು, ಫಲಕಗಳ ಮೇಲೆ ದಪ್ಪನಾದ ಕಂಬಳಿಯನ್ನು ಹೊದಿಸಿ, ಆಮೇಲೆ ಕೈಹಚ್ಚತಕ್ಕದ್ದು.