ಜ್ವರ ಬಿಟ್ಟಿತು, ಮಾತ್ರೆ ಬಿಡಬಹುದೇ?

ಮಳೆಗಾಲ ಹಿಡಿಯಿತೆಂದರೆ ಮುಂಬಯಿಯ ಮಕ್ಕಳ ಡಾಕ್ಟರುಗಳ ಮುಂದೆ ಈ ಪ್ರಶ್ನೆ ತಪ್ಪದೆ ಬರುತ್ತದೆ: 'ಜ್ವರ ಬಿಟ್ಟು ಮೂರು ದಿನವಾಯಿತು, ಮಗು ಆಡಿಕೊಂಡಿದೆ. ಇನ್ನೂ ಆಂಟಿಬಯಾಟಿಕ್ ಕೊಡಲೇಬೇಕೇ?' ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಉತ್ತರ ಮನಸ್ಸಿಗೆ ಒಪ್ಪಬೇಕಾದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕರುಳಿನೊಳಗೆ ಏನು ಮಾಡುತ್ತದೆಂದು ಸ್ವಲ್ಪ ತಿಳಿದುಕೊಳ್ಳಬೇಕು.

ಇದರಲ್ಲಿ ನಮಗೆ ಮುಖ್ಯವಾದವು ಎರಡು ಬಗೆ. ಅರೆಬೆಂದ ಮೊಟ್ಟೆ, ಕೋಳಿಮಾಂಸ, ಹೊರಗೇ ಉಳಿದ ಅಡುಗೆಯಿಂದ ಬಂದು ಒಂದೆರಡು ದಿನದಲ್ಲೇ ವಾಂತಿ-ಭೇದಿ ಹಚ್ಚುವುದು ಒಂದು. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿ ಇನ್ನೊಂದು. ಟೈಫಿ ಪ್ರಾಣಿಗಳಲ್ಲಿ ಬದುಕುವುದಿಲ್ಲ, ಮನುಷ್ಯನೇ ಅದಕ್ಕೆ ಮನೆ.

ನುಂಗಿದ ಕ್ರಿಮಿಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲೇ ಸಾಯುತ್ತವೆ. ಉಳಿದವು ಸಣ್ಣ ಕರುಳಿನ ಕೊನೆಯ ಭಾಗ ಸೇರುತ್ತವೆ. ಅಲ್ಲಿಂದ ಮುಂದಕ್ಕೆ ದೊಡ್ಡ ಕರುಳಿನ ತನಕ ನಮ್ಮದೇ ಒಳ್ಳೆಯ ಬ್ಯಾಕ್ಟೀರಿಯಾಗಳು ಸಂಜೆಯ ವಿರಾರ್ ಲೋಕಲ್‌ನಂತೆ ತುಂಬಿಕೊಂಡಿರುತ್ತವೆ. ಹೊಸಬನಿಗೆ ಕಾಲೂರಲು ಜಾಗವಿಲ್ಲ. ಆಂಟಿಬಯಾಟಿಕ್ ಕೊಟ್ಟರೆ ಈ ಡಬ್ಬಿ ಖಾಲಿ. 1954ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ತೋರಿಸಿದರು: ಸಾಮಾನ್ಯವಾಗಿ ಸೋಂಕು ತಗಲಲು ಸುಮಾರು 1 ಲಕ್ಷ ಸಾಲ್ಮೊನೆಲ್ಲಾ ಬೇಕಿದ್ದರೆ, ಒಂದೇ ಒಂದು ಡೋಸ್ ಸ್ಟ್ರೆಪ್ಟೋಮೈಸಿನ್ ಕೊಟ್ಟ ಇಲಿಗೆ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಹೋದ ಸಲ ಉಳಿದ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು 'ಎರಡು ಚಮಚ ಕೊಟ್ಟು ನೋಡೋಣ' ಎನ್ನುವವರು ಈ ಇಲಿಗಳನ್ನು ನೆನೆದರೆ ಸಾಕು.

ಭೇದಿ ತರುವ ಬಗೆಯದು ವಿಚಿತ್ರ ಬುದ್ಧಿ. ಸೂಜಿಯಾಕಾರದ ಕೊಳವೆಯಿಂದ ಕರುಳಿನ ಜೀವಕೋಶದೊಳಕ್ಕೆ ತನ್ನ ಪ್ರೋಟೀನು ಚುಚ್ಚಿ, ಆ ಕೋಶವೇ ತನ್ನನ್ನು ಒಳಗೆ ಎಳೆದುಕೊಳ್ಳುವಂತೆ ಮಾಡುತ್ತದೆ. ಕರುಳು ಕೆರಳಿ ಊದಿಕೊಳ್ಳುತ್ತದೆ. ಆ ಉರಿಯೂತದಲ್ಲಿ ಟೆಟ್ರಾಥಯೋನೇಟ್ ಎಂಬ ರಾಸಾಯನಿಕ ಹುಟ್ಟುತ್ತದೆ. ಆಮ್ಲಜನಕವಿಲ್ಲದ ಕರುಳಿನಲ್ಲಿ ಸಾಲ್ಮೊನೆಲ್ಲಾ ಅದನ್ನೇ ಬಳಸಿ ಉಸಿರಾಡುತ್ತದೆ. ಅಲ್ಲಿನ ಹಳಬರಲ್ಲಿ ಹೆಚ್ಚಿನವಕ್ಕೆ ಆ ವಿದ್ಯೆಯಿಲ್ಲ. ನಮ್ಮ ದೇಹ ಕ್ರಿಮಿಯ ಮೇಲೆ ಎಬ್ಬಿಸಿದ ಗಲಾಟೆಯೇ ಕ್ರಿಮಿಗೆ ಲಾಭವಾಗುವುದೆಂದರೆ ಹೀಗೆ. ಇದು ಗೊತ್ತಾದದ್ದು 2010ರಲ್ಲಿ.

ಗಟ್ಟಿಮುಟ್ಟಾದ ಮಗುವಿಗೆ ಇಂಥ ಭೇದಿ ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಬೇಕಾದದ್ದು ಓಆರ್‌ಎಸ್, ಡಾಕ್ಟರು ಹೇಳಿದ ಜಿಂಕ್, ಎಂದಿನ ಊಟ, ಎದೆಹಾಲು. ಆಂಟಿಬಯಾಟಿಕ್‌ನಿಂದ ಭೇದಿ ಬೇಗ ನಿಲ್ಲುವುದಿಲ್ಲ. ಕ್ರಿಮಿ ಮಲದಲ್ಲಿ ಇನ್ನಷ್ಟು ದಿನ ಉಳಿಯಬಹುದು. ಭೇದಿ ತಡೆಯುವ ಮಾತ್ರೆಯಂತೂ ಮಕ್ಕಳಿಗೆ ಬೇಡ. ಆದರೆ ಮೂರು ತಿಂಗಳೊಳಗಿನ ಕೂಸು, ರೋಗನಿರೋಧಕ ಶಕ್ತಿ ಕುಂದಿದ ಮಗು, ಮಲದಲ್ಲಿ ರಕ್ತ, ಮಂಪರು, ಆರೇಳು ಗಂಟೆ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ಕಾಯಬೇಡಿ. ಐದು ವರ್ಷದೊಳಗಿನ ಮಕ್ಕಳ ಮಲದಲ್ಲಿ ಈ ಕ್ರಿಮಿ ಭೇದಿ ನಿಂತ ಮೇಲೂ ಎಷ್ಟೋ ವಾರ ಹೋಗುತ್ತಿರುತ್ತದೆ. ಡಯಪರ್ ಬದಲಿಸಿದ ಕೈಗೆ ಸೋಪು ಬೇಕಾದದ್ದು ಆಗಲೇ.

ಟೈಫಿಯ ರೀತಿ ತದ್ವಿರುದ್ಧ. ಅದಕ್ಕೆ ಗಲಾಟೆ ಬೇಡ. ವಿಐ ಎಂಬ ಸಕ್ಕರೆಯ ಹೊದಿಕೆ ಹೊದ್ದು, ದೇಹದ ಕಾವಲು ಕೋಶಗಳ ಕಣ್ಣು ತಪ್ಪಿಸಿ, ಕೊನೆಗೆ ಆ ಕೋಶಗಳ ಒಳಗೇ ವಾಸ ಹೂಡುತ್ತದೆ. ಅಲ್ಲಿಂದ ಯಕೃತ್ತು, ಗುಲ್ಮ, ಮೂಳೆಯ ಮಜ್ಜೆ. ಒಂದೆರಡು ವಾರ ಹೊರಗೆ ಸುಳಿವೇ ಇಲ್ಲ. ಆಮೇಲೆ ದಿನದಿಂದ ದಿನಕ್ಕೆ ಏರುವ ಜ್ವರ. ಪಿತ್ತಕೋಶ ಸೇರಿದ ಕ್ರಿಮಿ ಪಿತ್ತರಸದ ಜೊತೆ ಮತ್ತೆ ಕರುಳಿಗೆ ಇಳಿಯುತ್ತದೆ, ಅಲ್ಲಿ ಹುಣ್ಣಾಗುತ್ತದೆ. ಮೂರನೇ ವಾರದ ಹೊಟ್ಟೆನೋವಿಗೆ ಡಾಕ್ಟರು ಗಂಭೀರವಾಗುವುದು ಇದಕ್ಕೇ: ಆ ಹುಣ್ಣು ರಕ್ತ ಸುರಿಸಬಹುದು, ತೂತಾಗಬಹುದು.

ಸರಿಯಾದ ಔಷಧ ಶುರುವಾದರೂ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಎರಡನೇ ದಿನಕ್ಕೇ ಡಾಕ್ಟರನ್ನು ಬದಲಿಸಿದರೆ ಪ್ರಯೋಜನವಿಲ್ಲ. ಜ್ವರ ಇಳಿದಾಗಲೂ ಕೋಶಗಳೊಳಗೆ ಅಡಗಿದವು ಉಳಿದಿರುತ್ತವೆ, ಅರ್ಧಕ್ಕೆ ಬಿಟ್ಟರೆ ಎರಡು ಮೂರು ವಾರದಲ್ಲಿ ಜ್ವರ ಮರುಕಳಿಸಬಹುದು. ಹಾಗಾಗಿ ಬರೆದುಕೊಟ್ಟಷ್ಟು ದಿನ ಮಾತ್ರೆ ಕೊಟ್ಟು ಮುಗಿಸಿ. ಔಷಧ ಶುರುವಾಗುವ ಮುಂಚೆ ರಕ್ತದ ಕಲ್ಚರ್ ಮಾಡಿಸಲು ಹೇಳಿದರೆ ಒಪ್ಪಿಕೊಳ್ಳಿ. ಯಾವ ಔಷಧಕ್ಕೆ ಕ್ರಿಮಿ ಬಗ್ಗುತ್ತದೆಂದು ಹೇಳುವುದು ಅದೇ. ಬೀದಿಬೀದಿಯ ಲ್ಯಾಬಿನಲ್ಲಿ ಸಿಗುವ ವಿಡಾಲ್ ಪರೀಕ್ಷೆ 1896ರ ಕಾಲದ್ದು, ಒಂದು ವಿಡಾಲ್ ಪಾಸಿಟಿವ್ ಬಂತೆಂದು ಟೈಫಾಯಿಡ್ ಎಂದು ಕೂರುವಂತಿಲ್ಲ.

ಕೆಲವರಲ್ಲಿ, ನೂರಕ್ಕೆ ಎರಡರಿಂದ ಐದು ಮಂದಿಯಲ್ಲಿ, ಟೈಫಿ ವರ್ಷಗಟ್ಟಲೆ ಪಿತ್ತಕೋಶದಲ್ಲಿ ಉಳಿಯುತ್ತದೆ. ಪಿತ್ತದ ಕಲ್ಲಿದ್ದರೆ ಅದರ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಔಷಧಕ್ಕೂ ಸಿಗುವುದಿಲ್ಲ. ಇಂಥವರು ಹೆಚ್ಚಾಗಿ ಮಕ್ಕಳಲ್ಲ, ದೊಡ್ಡವರು. ಅವರಿಗೆ ಯಾವ ತೊಂದರೆಯೂ ಕಾಣದು. ಒಂದೇ ಮನೆಯಲ್ಲಿ ಮಕ್ಕಳಿಗೆ ಮತ್ತೆ ಮತ್ತೆ ಟೈಫಾಯಿಡ್ ಬಂದರೆ ಅಡುಗೆ ಮಾಡುವ ಹಿರಿಯರ ಮಲಪರೀಕ್ಷೆಯ ಮಾತು ಬರುವುದು ಈ ಕಾರಣಕ್ಕೆ. ದೂರಲು ಅಲ್ಲ. ಹೋಟೆಲಿನವರಿಗೆ ಇದು ಕಾನೂನು ಕೂಡ: ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮತ್ತು ಟೈಫಾಯಿಡ್‌ನಂಥ ಕಾಯಿಲೆಗಳ ಲಸಿಕೆ ಆಗಿರಬೇಕು. ಈ ಊರಿನ ಉಡುಪಿ ಹೋಟೆಲುಗಳಲ್ಲಿ ದುಡಿಯುವ ನಮ್ಮ ಅಣ್ಣತಮ್ಮಂದಿರಿಗೆ ಇದು ಗೊತ್ತಿರುವುದೇ.

ನೀರಿನ ವಿಷಯ. ಭಾತ್ಸಾ, ವೈತರಣಾ, ತಾನ್ಸಾದ ನೀರು ಶುದ್ಧವಾಗಿಯೇ ನಗರಕ್ಕೆ ಹೊರಡುತ್ತದೆ. ಆದರೆ ನಲ್ಲಿಯಲ್ಲಿ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಪೈಪಿನಲ್ಲಿ ಒತ್ತಡವಿಲ್ಲ. ಚಾಳಿನ ಗಟಾರದ ಪಕ್ಕ ಬಿರುಕಿದ್ದರೆ ಕೊಳಕು ಒಳಗೆ ಎಳೆದುಕೊಳ್ಳುತ್ತದೆ. ಬೆಳಗಿನ ಮೊದಲ ನೀರು ಕಲಕಿ ಬಂದರೆ ಕುಡಿಯಲು ಹಿಡಿಯಬೇಡಿ. ಆಮೇಲಿನದನ್ನೂ ಕುದಿಸಿಯೇ ಕೊಡಿ. ಮಂಜುಗಡ್ಡೆಯಲ್ಲಿ ಟೈಫಿ ಸಾಯುವುದಿಲ್ಲ. ಮಹಾರಾಷ್ಟ್ರದಲ್ಲಿ 2018ರಿಂದ ತಿನ್ನಲಾಗದ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂಬ ನಿಯಮವಿದೆ. ಗೋಲಾ ಗಾಡಿಯವನ ಬಿಳಿ ಐಸ್ ಎಲ್ಲಿಂದ ಬಂತೆಂದು ಬಣ್ಣ ನೋಡಿ ಹೇಳಲಾಗದು, ಹಾಗಾಗಿ ಮಳೆಗಾಲ ಮುಗಿಯುವ ತನಕ ಗೋಲಾ, ಐಸ್ ಹಾಕಿದ ಕಬ್ಬಿನ ರಸ ಬೇಡವೆಂದೇ ನನ್ನ ಸಲಹೆ. ಮಕ್ಕಳಿಗೆ ಇದು ಹಿಡಿಸದು.

ಲಸಿಕೆಯ ವಿಷಯದಲ್ಲಿ ದೂರ ನೋಡಬೇಕಿಲ್ಲ. 2018ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ 9 ತಿಂಗಳು ತುಂಬಿದವರಿಂದ 14 ವರ್ಷದವರೆಗಿನ ಮಕ್ಕಳಿಗೆ ಟೈಫಾಯಿಡ್ ಕಾಂಜುಗೇಟ್ ಲಸಿಕೆಯ ಅಭಿಯಾನ ನಡೆಸಿತು. ಸರ್ಕಾರಿ ವ್ಯವಸ್ಥೆಯಲ್ಲಿ ಈ ಲಸಿಕೆ ಹಾಕಿದ್ದು ಪ್ರಪಂಚದಲ್ಲೇ ಅದು ಮೊದಲು. 1 ಲಕ್ಷಕ್ಕೂ ಹೆಚ್ಚು ಮಕ್ಕಳು ಹಾಕಿಸಿಕೊಂಡರು, ಆಮೇಲಿನ ಅಧ್ಯಯನದಲ್ಲಿ ರೋಗ ಇಳಿದದ್ದೂ ಕಂಡಿತು. ಟೈಫಿ ಯಾವ ಹೊದಿಕೆಯಡಿ ಅಡಗುತ್ತದೋ ಅದನ್ನೇ ಈ ಲಸಿಕೆ ದೇಹಕ್ಕೆ ಗುರುತು ಹಿಡಿಸುತ್ತದೆ. ಆರು ತಿಂಗಳು ತುಂಬಿದ ಮಗುವಿಗೂ ಕೊಡಬಹುದು. ಟೈಫಾಯಿಡ್ ಬಂದು ಹೋದ ಮಗುವಿಗೂ ಬೇಕು, ಚೇತರಿಸಿಕೊಂಡು ನಾಲ್ಕಾರು ವಾರ ಬಿಟ್ಟು. ಆ ಹೊದಿಕೆಯಿಲ್ಲದ ಭೇದಿಯ ಸಾಲ್ಮೊನೆಲ್ಲಾ ಮೇಲೆ ಮಾತ್ರ ಇದು ನಡೆಯದು. ಅದಕ್ಕೆ ಕೋಳಿಯನ್ನು ಸಿಂಕಿನಲ್ಲಿ ನೀರು ಸಿಡಿಸುತ್ತ ತೊಳೆಯಬೇಡಿ, ಅದನ್ನು ಕೊಯ್ದ ಮಣೆಯಲ್ಲೇ ಸೌತೆಕಾಯಿ ಹೆಚ್ಚಬೇಡಿ, ಮಗುವಿನ ಮೊಟ್ಟೆಯ ಹಳದಿ ಗಟ್ಟಿಯಾಗುವ ತನಕ ಬೇಯಿಸಿ.