ವೈಶಾಖದಲ್ಲಿ ಬಾವಿ, ಆಸಾಡಿಯಲ್ಲಿ ದಾರಿ
ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಸಂಸಾರ ಹೂಡುವ ಊರನ್ನು ಪರೀಕ್ಷಿಸುವ ಕ್ರಮ

ಬೆಂಗಳೂರಿನ ಹೋಟೆಲುಗಳಲ್ಲಿಯೋ ಮುಂಬಯಿಯ ಕಚೇರಿಗಳಲ್ಲಿಯೋ ಹತ್ತಾರು ವರ್ಷ ದುಡಿದು, ಇನ್ನಾದರೂ ಮಕ್ಕಳು ಊರಿನ ಗಾಳಿಯಲ್ಲಿ ಬೆಳೆಯಲೆಂಬ ಸಂಕಲ್ಪದಿಂದ ಮರಳುವ ಗೃಹಸ್ಥರು ಮನೆಯ ಜಾಗವನ್ನು ನೋಡುವುದು ಹೆಚ್ಚಾಗಿ ದೀಪಾವಳಿಯ ರಜೆಯಲ್ಲಿ. ಮಳೆ ಬಿಟ್ಟು ಬಾವಿ ತುಂಬಿ ಗದ್ದೆ ಹೊನ್ನಿನ ಬಣ್ಣಕ್ಕೆ ತಿರುಗಿರುವ ಆ ದಿನಗಳಲ್ಲಿ ನಮ್ಮ ಕರಾವಳಿಯ ಯಾವ ಊರೂ ಕುರೂಪವಾಗಿ ಕಾಣದು. ಆದರೆ ಊರಿನ ನಿಜಸ್ವರೂಪವು ಪ್ರಕಟವಾಗುವುದು ವರ್ಷದಲ್ಲಿ ಎರಡೇ ಸಲ: ಬಾವಿ ತಳ ಕಾಣುವ ವೈಶಾಖದಲ್ಲಿ ಮತ್ತು ದಾರಿ ಮುಳುಗುವ ಆಸಾಡಿಯಲ್ಲಿ (ಆಷಾಢದಲ್ಲಿ). ಈ ಎರಡು ಋತುಗಳನ್ನು ಸಾಕ್ಷಿಯಾಗಿರಿಸಿಕೊಂಡು ಮಾಡತಕ್ಕ ಆರು ಪರೀಕ್ಷೆಗಳನ್ನು ಇಲ್ಲಿ ಅನುಕ್ರಮವಾಗಿ ಹೇಳಿದೆ.

1. ನೆಲದ ಹೆಸರನ್ನು ಕೇಳಿ

ನಮ್ಮ ಹಿರಿಯರು ಭೂಮಿಯ ಗುಣವನ್ನು ಅದರ ಹೆಸರಿನಲ್ಲಿಯೇ ಬರೆದಿಟ್ಟಿದ್ದಾರೆ. ತಗ್ಗಿನದು ಬೈಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು. ಹೊಳೆಯ ನಡುವಿನ ದ್ವೀಪವು ಕುದ್ರು. ಉಪ್ಪಿನಕುದ್ರು ಎಂಬ ಹೆಸರನ್ನು ಕೇಳಿದ ಮೇಲೂ ಅಲ್ಲಿಯ ನೀರಿನ ಗುಣವನ್ನು ವಿಚಾರಿಸದವನು ಅವಿವೇಕಿಯೇ ಸರಿ. ಕೆಮ್ಮಣ್ಣು ಸುರಿದು ಸಮತಟ್ಟು ಮಾಡಿದ ಹೊಸ ಬಡಾವಣೆಯು ಮೊದಲು ಬೈಲಾಗಿತ್ತೇ ಎಂಬುದನ್ನು ನೆರೆಮನೆಯ ವೃದ್ಧರಿಂದ ತಿಳಿದುಕೊಳ್ಳತಕ್ಕದ್ದು. ಮಣ್ಣು ತುಂಬಿದ ಮಾತ್ರಕ್ಕೆ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ.

2. ವೈಶಾಖದಲ್ಲಿ ಬಾವಿಗೆ ಇಣುಕಿ

ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ, ವಾರಾಹಿ ಎಂಬ ಐದು ಹೊಳೆಗಳು ಕುಂದಾಪುರ–ಗಂಗೊಳ್ಳಿಗಳ ನಡುವೆ ಪಂಚಗಂಗಾವಳಿಯಾಗಿ ಕಡಲನ್ನು ಸೇರುತ್ತವೆ; ಬ್ರಹ್ಮಾವರದ ಎರಡು ಮಗ್ಗುಲಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳಿವೆ. ಇಷ್ಟು ಜಲಸಮೃದ್ಧವಾದ ನಾಡಿನಲ್ಲಿಯೂ ಬೇಸಗೆಯಲ್ಲಿ ಹೊಳೆಯ ಹರಿವು ಕ್ಷೀಣಿಸಿದೊಡನೆ ಭರತದ ಉಪ್ಪುನೀರು ಒಳನಾಡಿನತ್ತ ಏರುತ್ತದೆ. ಸಿಹಿನೀರು ಹಗುರವಾದುದರಿಂದ ನೆಲದೊಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡಿರುವುದು. ಪಂಪು ಹಾಕಿ ಮಿತಿಮೀರಿ ಸೆಳೆದರೆ ಅಡಿಯ ಉಪ್ಪು ಮೇಲಕ್ಕೆ ಬರುವುದು. ಆದುದರಿಂದ ನೆರೆಯ ಬಾವಿಯಿಂದ ಒಂದು ಕೊಡಪಾನ ನೀರು ಸೇದಿ, ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ನೋಡಿ. ಸಾಬೂನು ಉಜ್ಜಿ ನೊರೆ ಬರುವುದೇ ಎಂದು ಪರೀಕ್ಷಿಸಿ. ಬಾವಿಯ ಮುರಕಲ್ಲಿನ ಮೇಲೆ ಮಳೆಗಾಲದ ನೀರು ಬಿಟ್ಟ ಕರೆಗೂ ಇಂದಿನ ಮಟ್ಟಕ್ಕೂ ಎಷ್ಟು ಅಂತರವಿದೆಯೆಂದು ಅಳೆಯಿರಿ. ಪಂಚಾಯತಿನ ನಳ್ಳಿ ಇದೆಯೆಂದರೆ ಸಾಲದು, ಏಪ್ರಿಲ್–ಮೇ ತಿಂಗಳಲ್ಲಿ ಅದು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದೂ ಕೇಳಬೇಕು.

3. ಆಸಾಡಿಯಲ್ಲಿ ದಾರಿ ನಡೆಯಿರಿ

ಸೌಪರ್ಣಿಕೆಯು ಉಕ್ಕಿದಾಗ ನಾವುಂದದ ಸಾಲ್ಬುಡ, ಬಡಾಕೆರೆಗಳಂತಹ ತಗ್ಗು ಪ್ರದೇಶಗಳಲ್ಲಿ ಮನೆಯಂಗಳಕ್ಕೆ ದೋಣಿ ಬರುವುದುಂಟು. ಮರವಂತೆಯ ಕಡೆ ಕಡಲ್ಕೊರೆತವು ತೆಂಗಿನ ಮರಗಳನ್ನು ಬುಡಸಹಿತ ಕೀಳುವುದುಂಟು. ಜಡಿಮಳೆಯ ಮರುದಿನ ಕೊಡೆ ಹಿಡಿದು ನೀವು ಕೊಳ್ಳಬೇಕೆಂದಿರುವ ಜಾಗದ ದಾರಿಯಲ್ಲಿ ಹೋಗಿ, ಗೋಡೆಗಳ ಮೇಲಿನ ಕೆಸರಿನ ಗೆರೆಯನ್ನು ನೋಡಿ, ಜಗಲಿಯಲ್ಲಿ ಕುಳಿತವರನ್ನು, “ಹ್ವಾಯ್, ಮಳ್ಗಾಲ್ದಗೆ ನೀರ್ ಇಲ್ಲಿಗೆ ಬತ್ತಾ?” ಎಂದು ಕೇಳಿ. ಜಾಗ ಮಾರುವವನ ಉತ್ತರಕ್ಕಿಂತ ಈ ಉತ್ತರವು ವಿಶ್ವಾಸಾರ್ಹವಾದುದು.

4. ಶಾಲೆ ಹೆದ್ದಾರಿಯ ಯಾವ ಬದಿಗಿದೆ?

ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು 1963ರಿಂದ ಈ ಸೀಮೆಯ ತರುಣರಿಗೆ ವಿದ್ಯೆಯನ್ನು ಕೊಡುತ್ತ ಬಂದಿದೆ. ಕೋಟ, ಬ್ರಹ್ಮಾವರಗಳಲ್ಲಿಯೂ ಶಾಲೆಗಳಿಗೆ ಕೊರತೆಯಿಲ್ಲ. ಚಿಂತಿಸತಕ್ಕ ವಿಷಯವು ಬೇರೆಯದು: ಮನೆಗೂ ಶಾಲೆಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಅಡ್ಡ ಬಂದರೆ, ಹತ್ತು ವರ್ಷದ ಬಾಲಕನು ಬೆನ್ನಿಗೆ ಚೀಲ ಹೊತ್ತು ಚತುಷ್ಪಥವನ್ನು ದಿನಕ್ಕೆ ಎರಡು ಸಲ ದಾಟಬೇಕಾಗುವುದು. ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಸಮಯಕ್ಕೆ ನೀವೇ ಒಮ್ಮೆ ದಾಟಿ ನೋಡಿ. ಸಂಜೆಯ ವಿದ್ಯೆಯೂ ಗಣನೀಯವೇ. 1975ರಲ್ಲಿ ಸಾಲಿಗ್ರಾಮದಲ್ಲಿ ಯಕ್ಷಗಾನದ ಮಕ್ಕಳ ಮೇಳ ಹುಟ್ಟಿದ ಈ ನೆಲದಲ್ಲಿ ಗೆಜ್ಜೆ ಕಟ್ಟಿ ಕುಣಿಯುವ ಅವಕಾಶವು ಮನೆಯ ಹತ್ತಿರವೇ ದೊರೆತರೆ ಅದು ಮಗುವಿನ ಭಾಗ್ಯ.

5. ಆಸ್ಪತ್ರೆ ಮತ್ತು ಉದ್ಯೋಗದ ದೂರ

ಕ್ಲಿಷ್ಟ ಕಾಯಿಲೆಗೆ ಈ ಮೂರು ತಾಲೂಕಿನವರಲ್ಲಿ ಹೆಚ್ಚಿನವರು ಓಡುವುದು ಮಣಿಪಾಲಕ್ಕೆ. ಅಲ್ಲಿಗೆ ಬ್ರಹ್ಮಾವರದವರಿಗೆ ಅರ್ಧ ಗಂಟೆಯ ಹಾದಿಯಾದರೆ ಬೈಂದೂರಿನವರಿಗೆ ಸುಮಾರು 70 ಕಿ.ಮೀ. ಪ್ರಯಾಣ. ದಿನವೂ ಕೆಲಸಕ್ಕೆ ಕಾರಿನಲ್ಲಿ ಹೋಗುವವರು ತಮ್ಮ ದಾರಿಯಲ್ಲಿ ಸಿಗುವ ಸಾಸ್ತಾನದ ಇಲ್ಲವೆ ಶಿರೂರಿನ ಟೋಲಿನ ವೆಚ್ಚವನ್ನು ತಿಂಗಳ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ಬೆಂಗಳೂರಿನ ನಂಟು ಬಿಡದವರಿಗೆ ಪಂಚಗಂಗಾ ರೈಲಿದೆ. ಆದರೆ ಕುಂದಾಪುರದ ನಿಲ್ದಾಣವಿರುವುದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ ಎಂಬುದು ನೆನಪಿರಲಿ.

6. ಕಾಗದಪತ್ರ

ಆರ್‌ಟಿಸಿ, ಭೂಪರಿವರ್ತನೆಯ ಆದೇಶ, ಪಂಚಾಯತಿನ 9 ಮತ್ತು 11ರ ನಮೂನೆ, ಋಣಭಾರ ಪತ್ರ ಇವನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು. ನಮ್ಮ ಜಿಲ್ಲೆಯ ವಿಶಿಷ್ಟವಾದ ತೊಡಕೆಂದರೆ ಕುಮ್ಕಿ: ಅದು ಸರ್ಕಾರಿ ಭೂಮಿ; ಅದರಿಂದ ಸೊಪ್ಪು, ಸೌದೆ ತರುವ ಸವಲತ್ತು ಪಕ್ಕದ ವರ್ಗಭೂಮಿಯ (ಪಟ್ಟಾ ಜಮೀನಿನ) ಒಡೆಯನಿಗುಂಟೇ ಹೊರತು ಮಾರುವ ಹಕ್ಕಿಲ್ಲ. ಬೇಲಿಯೊಳಗಿರುವುದೆಲ್ಲ ವರ್ಗಭೂಮಿಯೆಂದು ಭ್ರಮಿಸದೆ ಸರ್ವೆ ಮಾಡಿಸಿಕೊಳ್ಳಿ. ಕಡಲ ಭರತರೇಖೆಯಿಂದ 500 ಮೀಟರಿನ ಒಳಗೂ, ಭರತ ಏರುವ ಹೊಳೆಗಳ ದಂಡೆಯಲ್ಲಿಯೂ ಕರಾವಳಿ ನಿಯಂತ್ರಣದ ನಿಯಮಗಳು ಅನ್ವಯಿಸುತ್ತವೆ. ಅಲೆಯ ಸದ್ದಿಗೆ ಮರುಳಾಗಿ ಜಾಗ ಕೊಂಡು ಆಮೇಲೆ ಪರವಾನಗಿಗಾಗಿ ಅಲೆಯುವಂತಾಗಬಾರದು.

ತೀರ್ಮಾನ

ಮಣಿಪಾಲ, ಉಡುಪಿಗಳಲ್ಲಿ ನೌಕರಿಯುಳ್ಳವರಿಗೆ ಬ್ರಹ್ಮಾವರವೇ ಅನುಕೂಲ. ದಿನನಿತ್ಯದ ಪ್ರಯಾಣದ ಹಂಗಿಲ್ಲದೆ, ಕಡಮೆ ಗದ್ದಲದಲ್ಲಿ ಬಾಳಬಯಸುವವರಿಗೆ ಉಪ್ಪುಂದ, ಬೈಂದೂರುಗಳು ಹಿತವಾದುವು. ಉಳಿದ ಹೆಚ್ಚಿನ ಸಂಸಾರಗಳಿಗೆ, ಕುಂದಾಪುರದ ಪೇಟೆಯೂ ಉಡುಪಿಯ ಹಾದಿಯೂ ಏಕಕಾಲಕ್ಕೆ ಎಟಕುವ ಕೋಟೇಶ್ವರದಿಂದ ಸಾಲಿಗ್ರಾಮದವರೆಗಿನ ಪಟ್ಟಿಯಲ್ಲಿ, ಹೆದ್ದಾರಿಯ ಮೂಡುಬದಿಯ ಬೆಟ್ಟುಭೂಮಿಯೇ ಉತ್ತಮವೆಂದು ನನ್ನ ಅಭಿಪ್ರಾಯ. ಆದರೂ ದೀಪಾವಳಿಯಲ್ಲಿ ಮೆಚ್ಚಿದ ಜಾಗಕ್ಕೆ ಆಗಲೇ ಮುಂಗಡ ಕೊಡದಿರಿ. ವೈಶಾಖದಲ್ಲೊಮ್ಮೆ, ಆಸಾಡಿಯಲ್ಲೊಮ್ಮೆ ಮನೆಮಂದಿಯೊಡನೆ ಬಂದು ನೋಡಿ, ಆ ಬಳಿಕ ಕೊಡಿ.